ಮಲ್ಲಯ್ಯನ ಕಾಡು, ಲಕ್ಕಮ್ಮನ ಮನೆ

ಯುಗಾದಿಗೆ ಇನ್ನೂ ಹತ್ತು ಹದಿನೈದು ದಿನ ಇರುವಾಗಲೇ ಲಿಂಗಸುಗೂರು ಸೀಮೆಯ ರಸ್ತೆಗಳ ಮೇಲೆ ಕಾಲ್ನಡಿಗೆಯವರ ಸಾಲು ಕಾಣತೊಡಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಹೊರಟ ಶ್ರೀಶೈಲದ ಪಾದಯಾತ್ರಿಗಳು ಇವರು. ಮುದಗಲ್ ದಾಟುವ ಹೊತ್ತಿಗೇ ಪಾದದ ತುಂಬ ಗುಳ್ಳೆ ಎದ್ದಿರುತ್ತವೆ. ಕೆಲವರು ಕವಿತಾಳ, ಸಿರವಾರದ ಮೇಲೆ ರಾಯಚೂರು ಹಿಡಿಯುತ್ತಾರೆ, ಕೆಲವರು ಮಸ್ಕಿ, ಸಿಂಧನೂರು ದಾಟಿ ಆಂಧ್ರದ ಗಡಿ ಮುಟ್ಟುತ್ತಾರೆ. ಹೆಗಲ ಮೇಲೆ ಕಂಬಿ, ಕೈಯಲ್ಲೊಂದು ಬಡಿಗೆ, ಬೆನ್ನಿಗೊಂದು ಚೀಲ. ಹರಕೆ ಹೊತ್ತು ಮರಗಾಲು ಕಟ್ಟಿಕೊಂಡು ನಡೆಯುವವರೂ ನಡುನಡುವೆ ಸಿಗುತ್ತಾರೆ.

ಈ ದಿನಗಳಲ್ಲಿ ನಮ್ಮ ಊರುಗಳಿಗೆ ಬೇರೆಯದೇ ಕಳೆ ಬರುತ್ತದೆ. ರಸ್ತೆ ಬದಿಗೆ ಶಾಮಿಯಾನ ಏಳುತ್ತವೆ. ಮನೆಮನೆಯಿಂದ ಬಡಿದು ತಂದ ಖಡಕ್ ರೊಟ್ಟಿ ಬುಟ್ಟಿಗಟ್ಟಲೆ ಬಂದು ಬೀಳುತ್ತವೆ. ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ, ಮಜ್ಜಿಗೆ, ಕಲ್ಲಂಗಡಿ ಯಾವುದಕ್ಕೂ ಕೊರತೆ ಇಲ್ಲ. ಹುಡುಗರು ರಸ್ತೆಗೆ ಅಡ್ಡ ನಿಂತು "ಯಪ್ಪಾ, ಎರಡ ರೊಟ್ಟಿ ತಿಂದು ಹೋಗ್ರಿ, ಯವ್ವಾ, ಒಂದೀಟು ಮಜ್ಜಿಗಿ ಕುಡದು ಹೋಗ್ರಿ" ಎಂದು ಕೈ ಹಿಡಿದು ಕೂಡಿಸುತ್ತಾರೆ. ಯಾರೋ ಬಿಸಿನೀರಿನಲ್ಲಿ ಅಪರಿಚಿತನ ಕಾಲು ತೊಳೆದು ಮುಲಾಮು ಹಚ್ಚುತ್ತಾರೆ. ಶ್ರೀಶೈಲದ ಭ್ರಮರಾಂಬೆ ಕನ್ನಡ ನಾಡಿನ ಮಗಳು, ಮಲ್ಲಯ್ಯ ನಮ್ಮ ಅಳಿಯ ಎಂಬ ನಂಬಿಕೆ ಈ ಭಾಗದಲ್ಲಿದೆ. ಹಬ್ಬಕ್ಕೆ ಮಗಳ ಮನೆಗೆ ಹೊರಟವರನ್ನು ಉಪಚರಿಸದೆ ಕಳಿಸುವುದುಂಟೆ?

ಹೋಗುವ ದಾರಿಯ ಬಗ್ಗೆ ಪ್ರತಿ ವರ್ಷ ಸುದ್ದಿ, ಫೋಟೊ ಬರುತ್ತವೆ. ಮರಳಿ ಬಂದದ್ದರ ಬಗ್ಗೆ ಯಾರೂ ಬರೆಯುವುದಿಲ್ಲ. ಬಸ್ಸು, ಟಂಟಂ, ಟ್ರ್ಯಾಕ್ಟರ್ ಹತ್ತಿ ಒಂದೆರಡು ದಿನದಲ್ಲಿ ಎಲ್ಲರೂ ಮನೆ ಸೇರುತ್ತಾರೆ. ಪ್ರಸಾದ ಹಂಚುತ್ತಾರೆ, ಕಂಬಿ ಹೊತ್ತ ಊರುಗಳಲ್ಲಿ ಐದೇಶಿ ಎಂಬ ಆಚರಣೆ ಮಾಡುತ್ತಾರೆ. ಆಮೇಲೆ? ಕಾಡಿನಲ್ಲಿ ಕಲಿತದ್ದು ಅಡುಗೆಮನೆಗೆ, ಹೊಲದ ಬದುವಿಗೆ, ಅಂಗಡಿಯ ಗಲ್ಲೆಗೆ ಬರುತ್ತದೆಯೇ ಇಲ್ಲವೇ ಎಂಬುದೇ ಈ ವಾರದ ವಿಚಾರ.

ಮೊದಲು ಆ ಕಾಡು ಕಲಿಸುವುದಾದರೂ ಏನು ಎಂದು ನೋಡಬೇಕು. ಆತ್ಮಕೂರು ದಾಟಿ ವೆಂಕಟಾಪುರದ ಬಳಿ ಡಾಂಬರು ರಸ್ತೆಯನ್ನು ಬಿಟ್ಟರೆ ನಲ್ಲಮಲ ಕಾಡು ಶುರು. ವಿಸ್ತೀರ್ಣದಲ್ಲಿ ದೇಶದ ಅತಿ ದೊಡ್ಡ ಹುಲಿ ರಕ್ಷಿತ ಪ್ರದೇಶವಾದ ನಾಗಾರ್ಜುನಸಾಗರ-ಶ್ರೀಶೈಲದ ಒಳಭಾಗ ಅದು. ನಾಗಲೂಟಿಯ ವೀರಭದ್ರ, ಪೆಚ್ಚೆರುವು ಕೆರೆ, ಭೀಮನ ಕೊಳ್ಳ, ಕೈಲಾಸ ಬಾಗಿಲು. ಹೀಗೆ ಒಂದೊಂದೇ ನೆಲೆ ದಾಟುತ್ತ ಸಾಮಾನ್ಯವಾಗಿ ಎರಡು ದಿನ ನಡೆಯಬೇಕು. ಭೀಮನ ಕೊಳ್ಳದಲ್ಲಿ ಕಡಿದಾದ ಇಳಿಜಾರು ಇಳಿದು ಅಷ್ಟೇ ಕಡಿದಾದ ಮೆಟ್ಟಿಲು ಏರುವಾಗ ದೊಡ್ಡ ದೊಡ್ಡ ಪೈಲವಾನರೂ ಕೂತುಬಿಡುತ್ತಾರೆ.

ಹೋಗಿ ಬಂದವರು ಹೇಳುವ ಮಾತು ಕೇಳಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಕಾಡಿನ ಚೆಲುವು, ಮೌನ, ಶಾಂತಿ ಅವರ ಮಾತಿನಲ್ಲಿ ಕಡಿಮೆ. ಜಾಸ್ತಿ ಬರುವುದು ಲೆಕ್ಕ. ಎಷ್ಟು ನೀರು ಹೊತ್ತೆವು, ಯಾವ ನೆಲೆಯಲ್ಲಿ ಮುಗಿಯಿತು, ಯಾರು ಕೊಟ್ಟರು, ಚೀಲದಿಂದ ಏನೇನು ತೆಗೆದು ಎಸೆದೆವು. ಮನೆಯಿಂದ ಹೊರಡುವಾಗ ಬೇಕೇ ಬೇಕು ಎಂದು ತುರುಕಿಕೊಂಡದ್ದು ನಾಗಲೂಟಿ ತಲುಪುವಷ್ಟರಲ್ಲಿ ಬೇಡವಾಗುತ್ತದೆ. ಎರಡು ಜೊತೆ ಬಟ್ಟೆ, ಒಂದು ಹೊದಿಕೆ, ಒಂದು ಬಾಟಲಿ ನೀರು ಸಾಕು ಎಂದು ಬೆನ್ನೇ ಹೇಳುತ್ತದೆ. ರಾತ್ರಿ ಸಾವಿರಾರು ಜನ ಬರೀ ನೆಲದ ಮೇಲೆ ಮಲಗುವಾಗ ಪಕ್ಕದವನ ಊರು ಕೇಳುತ್ತಾರೆ, ಜಾತಿ ಕೇಳುವುದಿಲ್ಲ. ಈ ಕಾಡಿನ ಪಾಠವೆಂದರೆ ನನ್ನ ಮಟ್ಟಿಗೆ ಇದೇ: ಅಳತೆ. ಭಕ್ತಿಯಿಂದ ಮೈ ನವಿರೇಳುವುದು ಬೇರೆ. ಅದು ಮಲ್ಲಯ್ಯನ ಗುಡಿಯ ಬಾಗಿಲಲ್ಲಿ ಆಗುತ್ತದೆ, ಯುಗಾದಿ ಮುಗಿದು ನಾಲ್ಕು ದಿನಕ್ಕೆ ಇಳಿದೂ ಹೋಗುತ್ತದೆ. ಇಳಿಯುವುದು ತಪ್ಪೂ ಅಲ್ಲ. ದಿನಾ ಮೈ ನವಿರೇಳಿಸಿಕೊಂಡು ಎಮ್ಮೆ ಹಿಂಡಲು ಆಗುತ್ತದೆಯೇ?

ಈ ಇಳಿತದ ಸಮಸ್ಯೆ ನಮ್ಮೊಬ್ಬರದ್ದಲ್ಲ. 1941ರಲ್ಲಿ ಶಿಕ್ಷಣತಜ್ಞ ಕರ್ಟ್ ಹಾನ್ ವೇಲ್ಸ್‌ನ ಅಬರ್ಡವಿಯಲ್ಲಿ ಔಟ್‌ವರ್ಡ್ ಬೌಂಡ್ ಎಂಬ ಶಾಲೆ ಶುರು ಮಾಡಿದರು. ಹುಡುಗರನ್ನು ಕಡಲಿಗೆ, ಬೆಟ್ಟಕ್ಕೆ ಕಳಿಸಿ ಗಟ್ಟಿ ಮಾಡುವ ಶಿಬಿರಗಳು ಅಲ್ಲಿಂದ ಜಗತ್ತಿನ ತುಂಬ ಹಬ್ಬಿದವು. ಶಿಬಿರ ಮುಗಿದ ಮೇಲೆ ಅಲ್ಲಿ ಕಲಿತದ್ದು ಮನೆಯಲ್ಲಿ, ತರಗತಿಯಲ್ಲಿ ಎಷ್ಟು ಉಳಿಯುತ್ತದೆ ಎಂದು ಆ ವಲಯದವರು ಇಂದಿಗೂ ತಲೆ ಕೆಡಿಸಿಕೊಂಡಿದ್ದಾರೆ. ಇತ್ತ ನಮ್ಮಲ್ಲಿ ವ್ರತಕ್ಕೆಂದು ಮಾಲೆ ಹಾಕಿದವನು ಅಷ್ಟು ದಿನ ಕುಡಿತ ಬಿಟ್ಟು, ಬರಿಗಾಲಲ್ಲಿ ನಡೆದು, ಮಾಲೆ ತೆಗೆದ ಸಂಜೆಯೇ ಬಾರಿನ ಬಾಗಿಲಲ್ಲಿ ನಿಂತಿರುವುದನ್ನು ಕಂಡು ನಗುತ್ತೇವೆ. ನಗುವ ಬದಲು ಯೋಚಿಸಬೇಕಾದದ್ದು ಬೇರೆ. ಮಾಲೆ ಇದ್ದಾಗ ಏಳುವ ಹೊತ್ತು, ಉಣ್ಣುವ ಹೊತ್ತು, ಜೊತೆಗಾರರು, ಮಾತಾಡುವ ರೀತಿ ಎಲ್ಲಕ್ಕೂ ಒಂದು ಕಟ್ಟು ಇತ್ತು. ಮಾಲೆಯ ಜೊತೆ ಕಟ್ಟೂ ಹೋಯಿತು, ಮನಸ್ಸೊಂದೇ ಉಳಿಯಿತು. ಮನಸ್ಸು ಒಂಟಿಯಾಗಿ ಎಷ್ಟು ದಿನ ಕಾದೀತು?

ಇದೇ ಪ್ರಶ್ನೆಯನ್ನು ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಎದುರಿಸಿದ ಒಬ್ಬ ಚಕ್ರವರ್ತಿಯ ಮಾತು ನಮ್ಮ ಸೀಮೆಯ ಬಂಡೆಯ ಮೇಲೇ ಇದೆ. ಮಸ್ಕಿಯ ದುರ್ಗದ ಗುಡ್ಡದಲ್ಲಿ ಅಶೋಕನ ಶಾಸನ ಸಿಕ್ಕಿದ್ದು 1915ರಲ್ಲಿ, ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ. ಆಗ ಇದು ಹೈದರಾಬಾದ್ ನಿಜಾಮರ ಸೀಮೆ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರು ಕಲ್ಲಿನ ಮೇಲೆ ಮೊದಲು ಕಂಡದ್ದು ಮಸ್ಕಿಯಲ್ಲೇ. ಶಾಲೆಯ ಮಕ್ಕಳಿಗೂ ಇದು ಗೊತ್ತು, ಸಾಮಾನ್ಯಜ್ಞಾನದ ಪುಸ್ತಕದಲ್ಲಿ ಇದೆ. ಆ ಬಂಡೆ ಏನು ಹೇಳುತ್ತದೆ ಎಂದು ಕೇಳಿದರೆ ಮಾತ್ರ ಮಸ್ಕಿಯವರೂ ತಡವರಿಸುತ್ತಾರೆ. ಹೆಸರಿನ ಸಂಭ್ರಮದಲ್ಲಿ ಹೇಳಿದ ಮಾತೇ ಹಿಂದೆ ಬಿತ್ತು.

ಆ ಮಾತಿನ ಸಾರ ಹೀಗೆ. ನಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ಮೀರಿತು. ಸಂಘದ ಹತ್ತಿರ ಹೋಗಿ ನಿಜವಾಗಿ ಶ್ರಮಿಸಲು ತೊಡಗಿದ್ದು ಮಾತ್ರ ಒಂದು ವರ್ಷಕ್ಕೆ ಸ್ವಲ್ಪ ಮೇಲೆ. ಈ ಫಲ ದೊಡ್ಡವರಿಗಷ್ಟೇ ಸಿಗುವುದೆಂದು ಯಾರೂ ತಿಳಿಯಬಾರದು, ಧರ್ಮದಲ್ಲಿ ತೊಡಗಿದ ಸಣ್ಣವನಿಗೂ ಸಿಗುತ್ತದೆ. ಇದೇ ಶಾಸನದ ಬೇರೆ ಪ್ರತಿಗಳಲ್ಲಿ ಇನ್ನೂ ಸ್ಪಷ್ಟವಾದ ಮಾತಿದೆ: ಮೊದಲ ದಿನಗಳಲ್ಲಿ ನಾನು ಅಷ್ಟೇನೂ ಶ್ರಮಿಸಲಿಲ್ಲ ಎಂದು ರಾಜ ತಾನೇ ಹೇಳಿಕೊಳ್ಳುತ್ತಾನೆ. ದೀಕ್ಷೆಯ ದಿನ ಒಂದು, ದುಡಿಮೆ ಶುರುವಾದ ದಿನ ಇನ್ನೊಂದು. ಇದನ್ನು ಕಲ್ಲಿನಲ್ಲಿ ಕೆತ್ತಿಸಿ ಊರೂರಿಗೆ ಸಾರಿದ ರಾಜರು ಎಷ್ಟು ಮಂದಿ ಇದ್ದಾರು!

ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಪ್ರತಿಯಲ್ಲಿ 256 ಎಂಬ ಅಂಕಿ ಇದೆ. ಬುದ್ಧನ ನಿರ್ವಾಣವಾಗಿ ಅಷ್ಟು ವರ್ಷ ಎಂದು ಹಿಂದೆ ಕೆಲವು ವಿದ್ವಾಂಸರು ಓದಿದ್ದರು. ಅರಮನೆ ಬಿಟ್ಟು ಸಂಚಾರದಲ್ಲಿ ಕಳೆದ 256 ರಾತ್ರಿಗಳು ಎಂಬ ಅರ್ಥವೇ ಈಗ ಹೆಚ್ಚು ಒಪ್ಪಿತ. ಅಷ್ಟು ರಾತ್ರಿ ಮನೆಯಿಂದ ಹೊರಗಿದ್ದು ಬಂದವನು ಏನು ಹೇಳಿಯಾನು ಎಂದು ಬ್ರಹ್ಮಗಿರಿಯ ಬಂಡೆಯನ್ನು ಮುಂದೆ ಓದಿದರೆ ಧ್ಯಾನ, ಸಮಾಧಿಯ ಸುದ್ದಿಯೇ ಇಲ್ಲ. ತಂದೆತಾಯಿಯ ಮಾತು ಕೇಳಿ. ಜೀವಿಗಳಲ್ಲಿ ದಯೆ ಗಟ್ಟಿಯಾಗಿರಲಿ. ನಿಜ ಹೇಳಿ. ಶಿಷ್ಯ ಗುರುವನ್ನು ಗೌರವಿಸಲಿ, ನೆಂಟರಿಷ್ಟರ ಜೊತೆ ನಡತೆ ನೆಟ್ಟಗಿರಲಿ. ಇಷ್ಟೇ. ಕರ್ನೂಲು ಕಡೆಯ ಎರ್ರಗುಡಿಯ ಪ್ರತಿಯಲ್ಲಂತೂ ಇದನ್ನು ಆನೆ ಸವಾರರಿಗೆ, ಕರಣಿಕರಿಗೆ, ರಥ ಓಡಿಸುವವರಿಗೆ ಕಲಿಸಿರಿ ಎಂಬ ಅಪ್ಪಣೆಯೂ ಇದೆ. ಇವತ್ತಿನ ಲೆಕ್ಕದಲ್ಲಿ ಲಾರಿ ಡ್ರೈವರಿಗೆ, ಗ್ರಾಮ ಲೆಕ್ಕಿಗನಿಗೆ ಎಂದಂತಾಯಿತು. ಹೊರಗೆ ತಿರುಗಿ ಕಲಿತದ್ದು ಮನೆಯ ಹಜಾರಕ್ಕೂ ಕಚೇರಿಯ ಮೇಜಿಗೂ ಬರಬೇಕು ಎಂಬುದರಲ್ಲಿ ಅವನಿಗೆ ಸಂಶಯ ಇರಲಿಲ್ಲ.

ಅಶೋಕನ ಹತ್ತಿರ ಅಧಿಕಾರಿಗಳಿದ್ದರು, ಕಲ್ಲು ಕೆತ್ತುವವರಿದ್ದರು. ನಮ್ಮಂಥವರ ಪಾಡೇನು? ಇದಕ್ಕೆ ಉತ್ತರ ಲಿಂಗಸುಗೂರು ತಾಲ್ಲೂಕಿನಲ್ಲೇ ಇದೆ. ಗುರುಗುಂಟಾ ಅಮರೇಶ್ವರಕ್ಕೆ ಜಾತ್ರೆಗೆ ಹೋಗದವರು ಈ ಕಡೆ ಕಡಿಮೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಆ ಅಮರೇಶ್ವರದವರು. ಗಂಡನ ಅಂಕಿತವೂ ಹೆಂಡತಿಯ ಅಂಕಿತವೂ ಅಮರೇಶ್ವರಲಿಂಗನನ್ನೇ ನೆನೆಯುತ್ತವೆ. ಹನ್ನೆರಡನೇ ಶತಮಾನದಲ್ಲಿ ಊರು ಬಿಟ್ಟು ಕಲ್ಯಾಣ ಸೇರಿದ ಈ ದಂಪತಿಗೆ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದೇ ಕಾಯಕ. ಅದರಲ್ಲೇ ಜಂಗಮ ದಾಸೋಹ.

ಇವರ ಕಥೆಯಲ್ಲಿ ಎರಡು ಪ್ರಸಂಗಗಳಿವೆ. ಎರಡನೆಯದು ಎಲ್ಲರಿಗೂ ಗೊತ್ತು, ಮೊದಲನೆಯದು ನಮಗೆ ಹೆಚ್ಚು ಬೇಕಾದದ್ದು. ಅನುಭವ ಗೋಷ್ಠಿಯಲ್ಲಿ ಕೂತ ಮಾರಯ್ಯ ಅಲ್ಲಮಪ್ರಭುದೇವರ ಮಾತಿನಲ್ಲಿ ಮುಳುಗಿ ಹೊತ್ತು ಮರೆಯುತ್ತಾನೆ. ಕಾಯಕದ ಸಮಯ ಮೀರುತ್ತಿದೆ ಎಂದು ನೆನಪಿಸಿದವಳು ಲಕ್ಕಮ್ಮ. ಯೋಚಿಸಿ: ಆ ಕಾಲದ ಅತ್ಯುನ್ನತ ಸತ್ಸಂಗದಿಂದ ಗಂಡನನ್ನು ಎಬ್ಬಿಸಿ ಅಕ್ಕಿ ಆಯಲು ಕಳಿಸಿದವಳು ಅವಳು. ಇನ್ನೊಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತರುತ್ತಾನೆ. ದಿನದ ಅಳತೆಗಿಂತ ಹೆಚ್ಚಾದದ್ದು ಆಸೆಯ ಫಲ, ಅದನ್ನು ತಂದಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸುತ್ತಾಳೆ. ಶೂನ್ಯಸಂಪಾದನೆಯಲ್ಲಿ ಈ ದಂಪತಿಗೆಂದೇ ಒಂದು ಭಾಗ ಇದೆ. ಅಲ್ಲಮನಿಗೂ ಅಕ್ಕಮಹಾದೇವಿಗೂ ಎಡೆ ಕೊಟ್ಟ ಗ್ರಂಥ ಅಕ್ಕಿ ಆಯುವ ಮನೆಗೂ ಎಡೆ ಕೊಟ್ಟಿತು.

ಅಕ್ಕಮಹಾದೇವಿ ಕಲ್ಯಾಣದಿಂದ ಶ್ರೀಶೈಲದ ಕದಳಿವನಕ್ಕೆ ನಡೆದಳು, ಮರಳಲಿಲ್ಲ. ಪಾದಯಾತ್ರಿಗಳು ಪ್ರತಿ ವರ್ಷ ತುಳಿಯುವುದು ಅವಳ ದಾರಿಯನ್ನು. ಆದರೆ ಯುಗಾದಿ ಮುಗಿದ ಮೇಲೆ ಇವರು ಮರಳಬೇಕಾದದ್ದು ಲಕ್ಕಮ್ಮನ ಮನೆಗೆ. ಅಲ್ಲಿ ಒಲೆ ಇದೆ, ಮಕ್ಕಳ ಫೀ ಇದೆ, ಸೊಸೈಟಿ ಸಾಲ ಇದೆ, ಹೊಲಕ್ಕೆ ನೀರಿನ ಸರದಿ ಇದೆ.

ನೀರಿನ ಮಾತು ಬಂತಲ್ಲ, ಸಿಂಧನೂರಿಗೆ ಬರೋಣ. ತುಂಗಭದ್ರಾ ಎಡದಂಡೆ ನಾಲೆ 227 ಕಿ.ಮೀ. ಉದ್ದದ್ದು. ಕೊಪ್ಪಳ ಜಿಲ್ಲೆ ದಾಟಿ ಸಿಂಧನೂರು, ಮಾನ್ವಿ, ಸಿರವಾರ, ರಾಯಚೂರಿಗೆ ಹರಿಯುತ್ತದೆ. ಯೋಜನೆ ಹಾಕಿದವರು ಬಹುಪಾಲು ನೆಲಕ್ಕೆ ಕಡಿಮೆ ನೀರಿನ ಬೆಳೆಯನ್ನೇ ಲೆಕ್ಕ ಹಿಡಿದಿದ್ದರು: ಜೋಳ, ಶೇಂಗಾ, ಹತ್ತಿ. ಬಂದದ್ದು ಭತ್ತ. ಮೇಲ್ಭಾಗದಲ್ಲಿ ಮಡಿ ತುಂಬಿ ನೀರು ನಿಂತಿರುವಾಗ ಕೊನೆ ಭಾಗದ ರೈತ ಒಣ ಕಾಲುವೆಯಲ್ಲಿ ನಿಂತು ಧರಣಿ ಮಾಡುತ್ತಾನೆ. 69ನೇ ಮೈಲು, 104ನೇ ಮೈಲಿನ ಗೇಜ್ ಎಷ್ಟಿದೆ ಎಂಬುದು ಹಂಗಾಮಿನಲ್ಲಿ ಇಲ್ಲಿ ದಿನದ ಸುದ್ದಿ. ಲೆಕ್ಕಕ್ಕಿಂತ ಹೆಚ್ಚು ಎಳೆದುಕೊಂಡ ನೀರು ಮಾರಯ್ಯನ ಸೆರಗಿನಲ್ಲಿ ಹೆಚ್ಚಾಗಿ ಬಂದ ಅಕ್ಕಿಯೇ ಅಲ್ಲವೇ? ನಲ್ಲಮಲದಲ್ಲಿ ಒಂದು ಬಾಟಲಿ ನೀರನ್ನು ಮೂವರು ಹಂಚಿಕೊಂಡು ಕುಡಿದವನು ಊರಿಗೆ ಬಂದು ರಾತ್ರಿ ತೂಬು ಎತ್ತಿದರೆ ಅವನ ಯಾತ್ರೆ ಎಲ್ಲಿಗೆ ಹೋಯಿತು?

ಖಾರವಾಯಿತೇನೋ. ಆದರೆ ತೂಬು ಎತ್ತುವವನು ಕೆಟ್ಟವನೇ ಆಗಬೇಕಿಲ್ಲ. ಅವನ ಮೇಲಿನವನು ಎತ್ತುತ್ತಾನೆ, ಭತ್ತಕ್ಕೆ ಮಾರುಕಟ್ಟೆ ಇದೆ, ಬ್ಯಾಂಕಿನವರು ಬಾಗಿಲಿಗೆ ಬರುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿ ಹೋದಾಗ ಇಡೀ ಎಡದಂಡೆ ಒಂದು ವಾರ ನಿದ್ದೆಗೆಟ್ಟಿತ್ತು. ಚಹಾದಂಗಡಿಯಲ್ಲೆಲ್ಲ ನೀರಿನ ಮಿತವ್ಯಯದ್ದೇ ಮಾತು. ಗೇಟಿನ ಜಾಗಕ್ಕೆ ತಡೆ ಕೂತಿತು, ಪುಣ್ಯಕ್ಕೆ ಮತ್ತೆ ಮಳೆಯಾಗಿ ಜಲಾಶಯ ತುಂಬಿತು, ಮಾತೂ ನಿಂತಿತು. ಭಯದಿಂದ ಹುಟ್ಟಿದ ವಿವೇಕ ಭಯದಷ್ಟೇ ದಿನ ಇರುತ್ತದೆ. ಭಕ್ತಿಯಿಂದ ಹುಟ್ಟಿದ್ದರ ಕಥೆಯೂ ಹೆಚ್ಚು ಕಡಿಮೆ ಅದೇ. ಒಳ್ಳೆಯ ಮನಸ್ಸನ್ನು ನಂಬಿ ಕೂತರೆ ಸಾಲದು, ನೀರು ಬಳಕೆದಾರರ ಸಂಘದ ಸರದಿ ಪಟ್ಟಿಗೆ ಅದು ಇಳಿಯಬೇಕು.

ಕಾಡಿನಲ್ಲಿ ಜಾತಿ ಕೇಳುವುದಿಲ್ಲ ಎಂದೆನಲ್ಲ, ಊಟದ ಪಂಕ್ತಿಯ ವಿಷಯವನ್ನೂ ಬೇಗ ಹೇಳಿ ಮುಗಿಸುತ್ತೇನೆ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಪಂಢರಪುರದ ವಾರಿ ಪಾದಯಾತ್ರೆಯಲ್ಲಿ ನಡೆದು ಬರೆದ ಪ್ರಬಂಧದಲ್ಲಿ, ಒಂದೇ ಅಭಂಗ ಹಾಡುತ್ತ ನಡೆಯುವವರು ಊಟಕ್ಕೆ ಜಾತಿವಾರು ಬೇರೆ ಕೂರುತ್ತಿದ್ದುದನ್ನು ಸಂಕಟದಿಂದ ದಾಖಲಿಸಿದ್ದಾರೆ. ನಮ್ಮ ಶಾಮಿಯಾನಗಳಲ್ಲಿ ಹಾಗಿಲ್ಲ ಎಂದು ಹೆಮ್ಮೆ ಪಡೋಣ. ಆದರೆ ಕ್ಷೌರದಂಗಡಿಯಲ್ಲಿ, ಹೋಟೆಲಿನ ಬಾಗಿಲಲ್ಲಿ ಜಾತಿ ಕೇಳಿದ ಸುದ್ದಿ ರಾಯಚೂರು, ಕೊಪ್ಪಳದ ಕಡೆಯಿಂದ ಈಗಲೂ ಪತ್ರಿಕೆಗೆ ಬರುತ್ತಲೇ ಇದೆ. ಯುಗಾದಿಗೆ ಕಾಲು ತೊಳೆದ ಊರೇ ಶ್ರಾವಣದಲ್ಲಿ ಲೋಟ ಬೇರೆ ಇಟ್ಟರೆ, ಕಾಲು ತೊಳೆದದ್ದು ಪುಣ್ಯದ ಆಸೆಗೆ ಎಂದೇ ಆಯಿತು.

ಹಾಗಾದರೆ ಕಾಡಿನ ಅಳತೆಯನ್ನು ಮನೆಗೆ ತರುವ ದಾರಿ ಯಾವುದು? ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ 1999ರ ಒಂದು ಪ್ರಬಂಧದಲ್ಲಿ ಹೇಳಿದ್ದು ಸರಳ. ಇನ್ನು ಮೇಲೆ ಒಳ್ಳೆಯವನಾಗಿರುತ್ತೇನೆ ಎಂಬ ಸಂಕಲ್ಪಕ್ಕಿಂತ, ಇಂಥ ಹೊತ್ತು ಬಂದಾಗ ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಗಂಟು ಹಾಕಿಟ್ಟುಕೊಂಡ ಸಂಕಲ್ಪ ಹೆಚ್ಚು ನಡೆಯುತ್ತದೆ. ನಮ್ಮ ಅಜ್ಜಿಯರಿಗೆ ಇದು ಹೊಸದೇನಲ್ಲ. ಒಲೆ ಹೊತ್ತಿಸಿ ಹಿಟ್ಟು ನಾದುವ ಮುಂಚೆ ಒಂದು ಮುಷ್ಟಿ ಜೋಳ ಗಡಿಗೆಗೆ ಹಾಕಬೇಕು ಎಂಬ ನೇಮ ಇತ್ತು. ಮನಸ್ಸು ಬಂದಾಗ ಹಾಕುವುದಲ್ಲ, ಒಲೆ ಹೊತ್ತಿದಾಗ ಹಾಕುವುದು. ಗಂಡನ ಜೊತೆ ಜಗಳವಾಗಿದ್ದರೂ, ಮಗುವಿಗೆ ಜ್ವರ ಇದ್ದರೂ ಮುಷ್ಟಿ ಬೀಳುತ್ತಿತ್ತು. ಉತ್ತರ ಕರ್ನಾಟಕದ ಎಷ್ಟೋ ಮಠಗಳ ಉಚಿತ ಪ್ರಸಾದ ನಿಲಯಗಳು ಆ ಮುಷ್ಟಿ ಧಾನ್ಯದ ಮೇಲೆ ನಡೆದವು. ಅಲ್ಲಿ ಉಂಡು ಓದಿದ ಬಡ ಮಕ್ಕಳು ಮೇಷ್ಟ್ರಾದರು, ವಕೀಲರಾದರು.

ಯಾತ್ರೆ ಮುಗಿಸಿ ಬಂದವರು ಇಂಥ ಒಂದೇ ಒಂದು ನೇಮ ಹಿಡಿದರೆ ಸಾಕು, ಹತ್ತು ಹಿಡಿದರೆ ಹತ್ತೂ ಬಿಡುತ್ತವೆ. ಕಾಡಿನಲ್ಲಿ ಪ್ಲಾಸ್ಟಿಕ್ ಬಾಟಲಿ ಎಸೆಯದೆ ಹೊತ್ತು ತಂದವನು ಸಂತೆಗೆ ಹೊರಡುವಾಗ ಬಾಗಿಲ ಮೊಳೆಗೆ ತೂಗಿದ ಕೈಚೀಲ ತೆಗೆದುಕೊಳ್ಳಲಿ. ಸರದಿಯ ಹೊತ್ತು ಮುಗಿದಾಗ ತೂಬು ಇಳಿಸಿ ಕೆಳಗಿನವನಿಗೆ ಒಂದು ಫೋನ್ ಮಾಡಲಿ. ಜೊತೆಗೆ ನಡೆದ ಬಳಗ ಅಮಾವಾಸ್ಯೆಗೊಮ್ಮೆ ಮಸ್ಕಿಯ ಬೆಟ್ಟದ ಮಲ್ಲಿಕಾರ್ಜುನನ ಸನ್ನಿಧಿಯಲ್ಲಿ ಸೇರಿ ಯಾರ ನೇಮ ನಡೆದಿದೆ, ಯಾರದ್ದು ತಪ್ಪಿದೆ ಎಂದು ಕೇಳಿಕೊಳ್ಳಲಿ. ಎರಡನೇ ಶ್ರೀಶೈಲ ಎಂದೇ ಈ ಭಾಗದವರು ಕರೆಯುವ ಗುಡಿ ಅದು. ಜೊತೆಗಾರರಿಲ್ಲದೆ ಭೀಮನ ಕೊಳ್ಳ ಏರಲಾಗದವರು ಮನೆಯ ನೇಮವನ್ನು ಒಬ್ಬರೇ ನಡೆಸಬೇಕೆಂದರೆ ಹೇಗೆ?

ಇನ್ನು ಶಾಮಿಯಾನದವರಿಗೆ ಒಂದು ಮಾತು. ಯುಗಾದಿಯ ಮರುದಿನ ಹಂಡೆ, ಪರಾತ, ಡ್ರಮ್ಮು ಎಲ್ಲ ಗೋದಾಮು ಸೇರುತ್ತವೆ. ಆದರೆ ರಾಯಚೂರು ಸೀಮೆಯ ನಿಜವಾದ ಬಿಸಿಲು ಶುರುವಾಗುವುದೇ ಆಗ. ಅದೇ ರಸ್ತೆಯಲ್ಲಿ, ಅದೇ ವಾರದಲ್ಲಿ, ಇನ್ನೊಂದು ಸಾಲು ಹೊರಟಿರುತ್ತದೆ. ಮಸ್ಕಿ, ಲಿಂಗಸುಗೂರಿನ ತಾಂಡಾ, ಹಟ್ಟಿಗಳಿಂದ ಬೆಂಗಳೂರು, ಪುಣೆಗೆ ಗುಳೆ ಹೋಗುವವರು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಕೈಯಲ್ಲಿ ಪಾತ್ರೆಯ ಚೀಲ, ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿಯ ಬಸ್ಸಿಗೆ ಸಂಜೆಯಿಂದಲೇ ಕಾಯುತ್ತಾರೆ. ಅವರಿಗೆ ಅಡ್ಡ ನಿಂತು "ಯವ್ವಾ, ಎರಡ ರೊಟ್ಟಿ ತಿಂದು ಹೋಗ್ರಿ" ಎನ್ನುವವರು ಯಾರೂ ಇರುವುದಿಲ್ಲ. ಶಾಮಿಯಾನವನ್ನೇ ಉಳಿಸಬೇಕಿಲ್ಲ. ಒಂದು ಅರವಟಿಗೆ, ಎರಡು ಗುಡಾಣ ನೀರು, ಒಂದು ಬುಟ್ಟಿ ರೊಟ್ಟಿ ಮೊದಲ ಮಳೆ ಬೀಳುವವರೆಗೆ ಮಸ್ಕಿ, ಲಿಂಗಸುಗೂರು, ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಇರಲಿ. ಪಾಳಿ ಹಚ್ಚಿಕೊಂಡರೆ ಒಂದು ಬಳಗದ ಒಂದು ಮನೆಗೆ ತಿಂಗಳಿಗೊಂದು ದಿನ ಬಂದರೆ ಹೆಚ್ಚು. ಪಾದಯಾತ್ರೆಯ ವಾಟ್ಸ್‌ಆ್ಯಪ್ ಗುಂಪುಗಳು ಹೇಗೂ ಇವೆ. ಪಾಳಿಯ ಪಟ್ಟಿಯನ್ನು ಅದರಲ್ಲೇ ಹಾಕಬಹುದು.